ೞ ಅಕ್ಷರಕ್ಕೆ ಅಂಟಿದ ತಪ್ಪು ಲೇಬಲ್

ಡಬ್ಬಿಯ ಮೇಲೆ ಒಂದು ಹೆಸರು, ಒಳಗೆ ಬೇರೆಯೇ ಮಾತ್ರೆ. ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿಯುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಭಯ ಇನ್ನೊಂದಿಲ್ಲ. ನಮ್ಮ ಕನ್ನಡದ ಒಂದು ಅಕ್ಷರಕ್ಕೂ ಇಂಥದೇ ತಪ್ಪು ಲೇಬಲ್ ಅಂಟಿಕೊಂಡಿದೆ. ಮೂವತ್ತು ವರ್ಷ ದಾಟಿದರೂ ಅದನ್ನು ಕಿತ್ತಿಲ್ಲ, ಮುಂದೆಯೂ ಕೀಳುವುದಿಲ್ಲ.

ಕಥೆ ಶುರುವಾಗುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ (ಅದೂ ಕೊಲ್ಲಿಯೇ, ನಾವಿರುವುದೂ ಕೊಲ್ಲಿಯೇ!). ಅಲ್ಲಿ ಜೆರಾಕ್ಸ್ ಕಂಪನಿಯ ಜೋ ಬೆಕರ್, ಆಪಲ್‌ನ ಲೀ ಕಾಲಿನ್ಸ್ ಮತ್ತು ಮಾರ್ಕ್ ಡೇವಿಸ್ ಸೇರಿ ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಮಾಡಲು 1987ರಲ್ಲಿ ಯೋಚಿಸಿದರು. 1988ರಲ್ಲಿ ಬೆಕರ್ ಕರಡು ಬರೆದರು. 1991ರ ಜನವರಿಯಲ್ಲಿ ಯೂನಿಕೋಡ್ ಕನ್ಸಾರ್ಟಿಯಂ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾಯಿತು. ಭಾರತೀಯ ಲಿಪಿಗಳಿಗೆ ನಮ್ಮ ದೇಶದ 1988ರ ಇಸ್ಕಿ ಮಾನದಂಡವೇ ತಳಹದಿ. ಇಂದು ನಾವು ರೂಮಿನಲ್ಲಿ ಕುಳಿತು ಊರಿಗೆ ಕನ್ನಡದಲ್ಲಿ ಮೆಸೇಜ್ ಕಳಿಸುತ್ತೇವಲ್ಲ, ಅದು ಈ ಪಟ್ಟಿಯ ಪುಣ್ಯ.

ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಇಂಗ್ಲಿಷ್ ಹೆಸರು. ಹಳಗನ್ನಡದ ೞ ಅಕ್ಷರಕ್ಕೆ ಇಟ್ಟ ಹೆಸರು ‘ಕನ್ನಡ ಲೆಟರ್ ಎಫ್‌ಎ’! ಫ್ಯಾನ್, ಫೋನುಗಳಲ್ಲಿ ಬರುವ ಸದ್ದಿಗೂ ೞಕ್ಕೂ ಎತ್ತಣಿಂದೆತ್ತಣ ಸಂಬಂಧ? ನಾವು ಇಂದು ಮಳೆ, ಏಳು, ಕೋಳಿ ಎನ್ನುವುದನ್ನು ಹಿಂದಿನವರು ಮೞೆ, ಏೞು, ಕೋೞಿ ಎಂದು ಬರೆಯುತ್ತಿದ್ದರು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಚರ್ಚಿಸಿದ್ದಾನೆ. ಉಚ್ಚಾರ ಹೇಗೆಂದು ತಿಳಿಯಲು ಪಂಡಿತರನ್ನು ಹುಡುಕಬೇಕಿಲ್ಲ. ಪಕ್ಕದ ಮಂಚದ ಮಲಯಾಳಿ ಗೆಳೆಯನ ಬಾಯಲ್ಲಿ ‘ಮಳೆ’ಯ ಮಲಯಾಳಂ ಪದ ಹೇಳಿಸಿ, ಸಾಕು.

ತಪ್ಪು ಗೊತ್ತಾದ ಮೇಲೆ ತಿದ್ದಬಾರದೇ? ನಾವೂ ಮೊದಲು ಹಾಗೇ ಅಂದುಕೊಂಡೆವು. ಆಮೇಲೆ ನಮ್ಮದೇ ಒಂದು ಘಟನೆ ನೆನಪಾಯಿತು. ಹಿಂದೆ ನಾವಿದ್ದ ಒಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಕ್ಕಳ ಸಿರಪ್ ‘ಬಾಟಲಿ’ ಲೆಕ್ಕದಲ್ಲಿತ್ತು. ಕೌಂಟರಿನಲ್ಲಿ ಮಾತ್ರ ಮಿಲಿಲೀಟರ್ ಲೆಕ್ಕದಲ್ಲಿ ಅಳೆದು ಕೊಡುವ ರೂಢಿ ಬಂದಿತ್ತು. ಯಾರೋ ಪುಣ್ಯಾತ್ಮರು ರೂಢಿಗೆ ಸರಿಹೋಗಲೆಂದು ಹಳೆಯ ನಮೂದನ್ನೇ ತಿದ್ದಿಬಿಟ್ಟರು. ಬೆಳಿಗ್ಗೆ ನೋಡಿದರೆ ಹಿಂದೆ 5 ಬಾಟಲಿ ಕೊಟ್ಟದ್ದೆಲ್ಲ 5 ಮಿಲಿ ಆಗಿ ಕೂತಿದೆ! ಹೊಸ ನಮೂದು ಸೇರಿಸಿ ಹಳೆಯದಕ್ಕೆ ಒಂದು ಷರಾ ಬರೆದಿದ್ದರೆ ಆಗುತ್ತಿತ್ತು. ಆ ಲೆಕ್ಕ ಸರಿ ಮಾಡಲು ನಮಗೆ ಎರಡು ರಜೆ ಹೋಯಿತು.

ಯೂನಿಕೋಡಿನವರ ನಿಯಮವೂ ಇದೇ. 2.0ನೇ ಆವೃತ್ತಿಯಿಂದ ಈಚೆಗೆ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ, ಏಕೆಂದರೆ ಆ ಹೆಸರನ್ನೇ ಗುರುತಾಗಿ ನಂಬಿದ ಸಾಫ್ಟ್‌ವೇರ್‌ಗಳು ಎಲ್ಲೆಲ್ಲೋ ಇರುತ್ತವೆ. ಇಂಗ್ಲಿಷಿನ ‘ಬ್ರ್ಯಾಕೆಟ್’ ಪದದ ಸ್ಪೆಲ್ಲಿಂಗನ್ನೇ ಒಂದು ಕಡೆ ಹಿಂದುಮುಂದು ಮಾಡಿದ್ದಾರೆ. ಅದೂ ಹಾಗೇ ಉಳಿದಿದೆ. ಬದಲಿಗೆ 2006ರ 5.0ನೇ ಆವೃತ್ತಿಯಿಂದ ಇಂಥವಕ್ಕೆಂದು ಅಧಿಕೃತ ಪರ್ಯಾಯ ಹೆಸರುಗಳ ಪಟ್ಟಿ ಇಟ್ಟಿದ್ದಾರೆ. ಅದರಲ್ಲಿ ೞಕ್ಕೆ ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರಿದೆ. ನಿಯಮವನ್ನು ನಾವು ಒಪ್ಪುತ್ತೇವೆ. ಆದರೆ ಅಚ್ಚಿಗೆ ಹೋಗುವ ಮೊದಲು ಹಳಗನ್ನಡ ಬಲ್ಲ ಒಬ್ಬ ಮೇಷ್ಟ್ರ ಕಣ್ಣಿಗೆ ಬಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂಬ ಸಂಕಟವಂತೂ ಇದ್ದೇ ಇದೆ.

ಇನ್ನೂ ತಮಾಷೆಯೆಂದರೆ, ನಿಜವಾದ ‘ಎಫ್’ ಸದ್ದಿಗೆ ಕನ್ನಡ ಮುದ್ರಕರು ಫ ಅಕ್ಷರದ ಕೆಳಗೆ ಎರಡು ಚುಕ್ಕೆ ಇಡುತ್ತಾರಲ್ಲ, ಆ ಚುಕ್ಕೆಗೆ ಕನ್ನಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2003ರ 4.0ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಎಫ್ ಹೆಸರಿನ ಅಕ್ಷರವಿತ್ತು, ಎಫ್ ಬರೆಯಲು ಚುಕ್ಕೆ ಇರಲಿಲ್ಲ. ಆಮೇಲೂ ಪಟ್ಟಿ ಬೆಳೆಯುತ್ತಲೇ ಇದೆ: 2014ರಲ್ಲಿ ಚಂದ್ರಬಿಂದು, 2021ರಲ್ಲಿ ನಕಾರಪೊಲ್ಲು, 2022ರಲ್ಲಿ ಇನ್ನೊಂದು ಬಗೆಯ ಅನುಸ್ವಾರ. ಈಗ ನಾವು ‘ಫ಼ಾರ್ಮಸಿ’ ಎಂದು ಚುಕ್ಕೆಯಿಟ್ಟೇ ಟೈಪ್ ಮಾಡಬಹುದು. ಮೊಬೈಲ್ ಕೀಲಿಮಣೆಯಲ್ಲಿ ಆ ಚುಕ್ಕೆ ಎಲ್ಲಿದೆ ಎಂದು ಹುಡುಕುವುದೊಂದೇ ಉಳಿದ ಕೆಲಸ.