ಡ್ರೈವ್ ಶಾಫ್ಟ್‌ಗೆ ಸರಿಯಾದ ಅಳತೆ ಯಾವುದು?

ರಸ್ತೆ ಬದಿ ನಿಂತ ಲಾರಿಯ ಕೆಳಗೆ ಬಗ್ಗಿ ನೋಡಿದ್ದೀರಾ? ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ವರೆಗೆ ಉದ್ದನೆಯ ಉಕ್ಕಿನ ಕೊಳವೆಯೊಂದು ಹೋಗಿರುತ್ತದೆ. ಇದೇ ಡ್ರೈವ್ ಶಾಫ್ಟ್. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಇದರ ತುದಿಗಳಲ್ಲಿ ಕೂಡುಚಿಹ್ನೆಯ ಆಕಾರದ ಉಕ್ಕಿನ ತುಂಡುಗಳಿವೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಅದು ‘ಕ್ರಾಸ್’. ಎರಡು ಕವಲುಗಳ ನಡುವೆ ಇಂಥ ಕ್ರಾಸ್ ಕೂರಿಸಿದರೆ ಅದು ಯೂನಿವರ್ಸಲ್ ಜಾಯಿಂಟ್. ಒಂದಕ್ಕೊಂದು ಓರೆಯಾಗಿರುವ ಎರಡು ದಂಡಗಳನ್ನು ಒಟ್ಟಿಗೆ ತಿರುಗಿಸುವ ಸಾಧನ ಇದು.

ಅಮೆರಿಕದಲ್ಲಿ 1950ರ ಆಸುಪಾಸಿನ ಷೆವ್ರೊಲೆ ಪಿಕಪ್ ಟ್ರಕ್ಕುಗಳಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಹೊರಮೈಯನ್ನು ಹಾಗೆಯೇ ಉಳಿಸಿಕೊಂಡು ಹೊಸ ಎಂಜಿನ್, ಗೇರ್ ಬಾಕ್ಸ್, ಆಕ್ಸಲ್‌ಗಳನ್ನು ಜೋಡಿಸುವ ಹವ್ಯಾಸ ಅಲ್ಲಿ ಬಲವಾಗಿದೆ. ಹೀಗೆ ಮಾರ್ಪಡಿಸಿದ ಟ್ರಕ್ಕಿಗೆ ಕಟ್ಟಕಡೆಗೆ ಬರುವ ಭಾಗ ಡ್ರೈವ್ ಶಾಫ್ಟ್. ಉಳಿದವೆಲ್ಲ ತಮ್ಮ ಜಾಗದಲ್ಲಿ ಕುಳಿತ ಮೇಲೆಯೇ ಇದರ ಅಳತೆ ತಿಳಿಯುವುದು. ಅಳತೆ ಎಂದರೆ ಬರೀ ಉದ್ದವೇ? ಅಲ್ಲ. ಕೋನ, ಉದ್ದ, ವ್ಯಾಸ ಈ ಮೂರೂ ಸರಿಯಾಗಿರಬೇಕು. ಏಕೆಂದು ತಿಳಿಯಲು ಮೂರೂವರೆ ಶತಮಾನ ಹಿಂದೆ ಹೋಗಬೇಕು.

ಹುಕ್ ಕಂಡ ದೋಷ

ಈ ಜಾಯಿಂಟಿಗೆ ಇಟಲಿಯ ಜೆರೊಲಾಮೊ ಕಾರ್ಡಾನೊ ಅವರ ಹೆಸರು ಅಂಟಿಕೊಂಡಿದೆ. ಯೂರೋಪಿನ ಹಲವು ಭಾಷೆಗಳಲ್ಲಿ ಇದು ‘ಕಾರ್ಡಾನ್’ ಜಾಯಿಂಟ್. ಆದರೆ ಇದರ ಚಲನೆಯನ್ನು ಸರಿಯಾಗಿ ಅರಿತವರು ಇಂಗ್ಲೆಂಡಿನ ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮದಿಂದ ನಮಗೆ ಪರಿಚಿತರಾದ ಹುಕ್ ಇವರೇ. ‘ಯೂನಿವರ್ಸಲ್ ಜಾಯಿಂಟ್’ ಎಂಬ ಹೆಸರು ಅವರ 1676ರ ಪುಸ್ತಕದಲ್ಲಿ ಕಾಣಿಸಿಕೊಂಡಿತು.

ಇದಕ್ಕೆ ಸ್ವಲ್ಪ ಮೊದಲು, 1664ರಲ್ಲಿ, ಜರ್ಮನಿಯ ಗಾಸ್ಪರ್ ಷಾಟ್ ಎಂಬ ಪಾದ್ರಿ ಈ ಜಾಯಿಂಟಿನ ಎರಡೂ ದಂಡಗಳು ಸದಾ ಸಮವೇಗದಲ್ಲಿ ತಿರುಗುತ್ತವೆ ಎಂದು ಬರೆದಿದ್ದರು. ಅದು ತಪ್ಪೆಂದು ಹುಕ್ ಕಂಡುಕೊಂಡರು. ಮೊದಲ ದಂಡ ಏಕರೂಪವಾಗಿ ತಿರುಗುತ್ತಿದ್ದರೂ ಎರಡನೆಯದು ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದಾಗುತ್ತದೆ, ಎರಡು ಬಾರಿ ಹಿಂದಾಗುತ್ತದೆ. ದಂಡಗಳ ನಡುವಿನ ಕೋನ 30 ಡಿಗ್ರಿ ಇದ್ದರೆ ಎರಡನೆಯದರ ವೇಗ ಮೊದಲನೆಯದರ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ ಏರಿಳಿಯುತ್ತದೆ. ಮೊದಲ ಸಂಖ್ಯೆ 30 ಡಿಗ್ರಿಯ ಕೊಸೈನ್, ಎರಡನೆಯದು ಅದರ ವ್ಯುತ್ಕ್ರಮ. ಕೋನ 3 ಡಿಗ್ರಿಗೆ ಇಳಿದರೆ ಏರಿಳಿತ ಶೇಕಡಾ 0.14 ಮಾತ್ರ.

ಹುಕ್ ಈ ದೋಷವನ್ನೇ ಗುಣವಾಗಿಸಿಕೊಂಡರು. ಸೂರ್ಯ ಗಡಿಯಾರದ ಸಮತಲ ಫಲಕದ ಮೇಲೆ ಗಂಟೆಗಳ ಗೆರೆಗಳು ಸಮ ಅಂತರದಲ್ಲಿರುವುದಿಲ್ಲ. ಮಧ್ಯಾಹ್ನದ ಬಳಿ ಒತ್ತಾಗಿದ್ದು ಬೆಳಿಗ್ಗೆ, ಸಂಜೆಗಳ ಕಡೆಗೆ ಅಗಲವಾಗುತ್ತವೆ. ಈ ಅಂತರಗಳ ತ್ರಿಕೋನಮಿತಿ ಸೂತ್ರವೂ ಜಾಯಿಂಟಿನ ಸೂತ್ರವೂ ಒಂದೇ! ಲಂಡನ್ನಿನ ಅಕ್ಷಾಂಶ ಸುಮಾರು 51.5 ಡಿಗ್ರಿ. ಅಲ್ಲಿ ಜಾಯಿಂಟನ್ನು 38.5 ಡಿಗ್ರಿ ಬಾಗಿಸಿ ಮೊದಲ ದಂಡವನ್ನು ಏಕರೂಪವಾಗಿ ತಿರುಗಿಸಿದರೆ, ಎರಡನೆಯ ದಂಡದ ಮುಳ್ಳು ನೆರಳಿನಂತೆಯೇ ಗೆರೆಯಿಂದ ಗೆರೆಗೆ ಸರಿಯುತ್ತದೆ.

ದೋಷಕ್ಕೆ ಪರಿಹಾರವನ್ನೂ ಹುಕ್ 1683ರಲ್ಲಿ ಸೂಚಿಸಿದರು. ನಡುವೆ ಒಂದು ದಂಡವಿಟ್ಟು ಅದರ ಎರಡು ತುದಿಗಳಿಗೂ ಜಾಯಿಂಟ್ ಹಾಕುವುದು. ಎರಡೂ ಕಡೆ ಕೋನ ಸಮವಾಗಿದ್ದು, ನಡುದಂಡದ ಎರಡೂ ಕವಲುಗಳು ಒಂದೇ ಸಮತಲದಲ್ಲಿದ್ದರೆ ಮೊದಲ ಜಾಯಿಂಟಿನ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಲಾರಿಯ ಕೆಳಗೆ ನಾವು ಕಾಣುವುದು ಇದೇ ಏರ್ಪಾಡು.

ವಾಹನಕ್ಕೆ ಬಂದ ಶಾಫ್ಟ್

ಆರಂಭದ ಅನೇಕ ಮೋಟಾರು ವಾಹನಗಳಲ್ಲಿ ಚಕ್ರಗಳನ್ನು ತಿರುಗಿಸುತ್ತಿದ್ದುದು ಸರಪಳಿ. 1898ರಲ್ಲಿ ಫ್ರಾನ್ಸಿನ ಲೂಯಿ ರೆನೊ ತಮ್ಮ ಪುಟ್ಟ ಕಾರಿನಲ್ಲಿ ಸರಪಳಿಯ ಬದಲು ಶಾಫ್ಟನ್ನು ಬಳಸಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ತಮ್ಮ ಯೂನಿವರ್ಸಲ್ ಜಾಯಿಂಟಿಗೆ ಪೇಟೆಂಟ್ ಪಡೆದು, ಮರುವರ್ಷ ತಯಾರಿಕೆ ಆರಂಭಿಸಿದರು.

ಆದರೆ ಎಲ್ಲ ವಾಹನಗಳಲ್ಲೂ ಎರಡು ಜಾಯಿಂಟ್ ಇರಲಿಲ್ಲ. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಶಾಫ್ಟ್ ಒಂದು ಗಟ್ಟಿ ಕೊಳವೆಯೊಳಗೆ ಅಡಗಿತ್ತು. ಮುಂದಿನ ತುದಿಯಲ್ಲಿ ಮಾತ್ರ ಒಂದು ಜಾಯಿಂಟ್. ಕೋನ ಸಣ್ಣದಾದ್ದರಿಂದ ಹುಕ್ ಹೇಳಿದ ಏರಿಳಿತವನ್ನು ಸಹಿಸಿಕೊಳ್ಳಬಹುದಾಗಿತ್ತು. ಷೆವ್ರೊಲೆಯ ಅರ್ಧ ಟನ್ ಟ್ರಕ್ಕುಗಳಲ್ಲೂ 1954ರವರೆಗೆ ಇದೇ ಪದ್ಧತಿ. 1955ರಲ್ಲಿ ಎರಡು ಜಾಯಿಂಟಿನ ತೆರೆದ ಶಾಫ್ಟ್ ಬಂತು. ಆದ್ದರಿಂದಲೇ ಅದಕ್ಕೂ ಹಿಂದಿನ ಟ್ರಕ್ಕಿಗೆ ಹೊಸ ಗೇರ್ ಬಾಕ್ಸ್ ಹಾಕುವವರು ಹಿಂದಿನ ಆಕ್ಸಲನ್ನೂ ಬದಲಿಸಿ, ಹೊಸ ಶಾಫ್ಟನ್ನು ಅಳತೆ ಕೊಟ್ಟು ಮಾಡಿಸಬೇಕಾಗುತ್ತದೆ.

ಕುಣಿಯುವ ದಂಡ

ಇನ್ನು ವ್ಯಾಸದ ಪ್ರಶ್ನೆ. ಯಾವ ದಂಡವೂ ಪರಿಪೂರ್ಣ ನೇರವಲ್ಲ, ಅದರ ತೂಕವೂ ಪರಿಪೂರ್ಣವಾಗಿ ಹಂಚಿಕೆಯಾಗಿರುವುದಿಲ್ಲ. ತಿರುಗುವಾಗ ಅದು ತುಸು ಬಾಗುತ್ತದೆ. ಸುತ್ತುವ ವೇಗ ದಂಡದ ಸ್ವಾಭಾವಿಕ ಕಂಪನದ ಆವೃತ್ತಿಗೆ ಸಮನಾದಾಗ ಅನುರಣನೆ ಉಂಟಾಗಿ ಬಾಗು ವಿಪರೀತವಾಗುತ್ತದೆ. ದಂಡ ಮಕ್ಕಳಾಡುವ ಹಗ್ಗದಂತೆ ಕುಣಿಯತೊಡಗುತ್ತದೆ. ಇದು ಕ್ರಾಂತಿಕ ವೇಗ. ಇಂಥ ವೇಗವನ್ನು ದಾಟಲು ಸಾಧ್ಯವೇ ಇಲ್ಲವೆಂದು 1869ರಲ್ಲಿ ರ‍್ಯಾಂಕಿನ್ ಭಾವಿಸಿದ್ದರು. ಅದು ಸರಿಯಲ್ಲವೆಂದು ಸ್ವೀಡನ್ನಿನ ದ ಲಾವಾಲ್ ಅವರ ಉಗಿ ಟರ್ಬೈನ್ ತೋರಿಸಿಕೊಟ್ಟಿತು. 1894ರಲ್ಲಿ ಇಂಗ್ಲೆಂಡಿನ ಡಂಕರ್ಲಿ ಈ ವಿದ್ಯಮಾನದ ಬಗ್ಗೆ ವಿಸ್ತಾರವಾಗಿ ಬರೆದರು. ಟರ್ಬೈನ್ ಕ್ರಾಂತಿಕ ವೇಗವನ್ನು ಬೇಗನೆ ದಾಟಿ ಮೇಲೆ ಹೋಗಿ ನಿಲ್ಲಬಲ್ಲದು. ಟ್ರಕ್ಕು ಹಾಗಲ್ಲ, ಎಲ್ಲ ವೇಗಗಳಲ್ಲೂ ಓಡಬೇಕು. ಆದ್ದರಿಂದ ಶಾಫ್ಟಿನ ವೇಗವನ್ನು ಕ್ರಾಂತಿಕ ವೇಗದ ಮುಕ್ಕಾಲು ಭಾಗದೊಳಗೆ ಇಡುವುದು ಕ್ಷೇಮ.

ಒಂದು ಲೆಕ್ಕ ಮಾಡೋಣ. 3 ಅಂಗುಲ ವ್ಯಾಸದ, ಸುಮಾರು 2 ಮಿಮೀ ದಪ್ಪ ಗೋಡೆಯ ಉಕ್ಕಿನ ಕೊಳವೆ 1.5 ಮೀಟರ್ ಉದ್ದವಿದ್ದರೆ ಅದರ ಕ್ರಾಂತಿಕ ವೇಗ ನಿಮಿಷಕ್ಕೆ ಸುಮಾರು 5,600 ಸುತ್ತು. ಉದ್ದ 1.8 ಮೀಟರ್ ಆದರೆ ಅದು 3,900ಕ್ಕೆ ಇಳಿಯುತ್ತದೆ. ಏಕೆಂದರೆ ಕ್ರಾಂತಿಕ ವೇಗವು ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ. ಇದರ ಮುಕ್ಕಾಲು ಭಾಗ ಸುಮಾರು 2,900. ಟೈರಿನ ವ್ಯಾಸ 70 ಸೆಂಮೀ, ಆಕ್ಸಲ್ಲಿನ ಗೇರ್ ಅನುಪಾತ 4.11 ಇರುವ ಟ್ರಕ್ಕು ಗಂಟೆಗೆ 100 ಕಿಮೀ ವೇಗದಲ್ಲಿ ಓಡಿದರೆ ಶಾಫ್ಟ್ ನಿಮಿಷಕ್ಕೆ ಸುಮಾರು 3,100 ಸುತ್ತು ತಿರುಗುತ್ತದೆ. ಕ್ಷೇಮದ ಗಡಿ ದಾಟಿತಲ್ಲವೆ?

ಕೊಳವೆಯ ಗೋಡೆಯನ್ನು ದಪ್ಪ ಮಾಡಿದರೆ ಪ್ರಯೋಜನವಿಲ್ಲ. ಬಿಗಿತದ ಜೊತೆಗೆ ತೂಕವೂ ಹೆಚ್ಚುತ್ತದೆ. ವ್ಯಾಸವನ್ನು 4 ಅಂಗುಲಕ್ಕೆ ಏರಿಸಿದರೆ ಕ್ರಾಂತಿಕ ವೇಗ ಸುಮಾರು 5,200 ಆಗುತ್ತದೆ. ಇಲ್ಲವೇ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಕೊಡಬೇಕು. ಉದ್ದದ ಲಾರಿಗಳಲ್ಲಿ ಇರುವುದು ಇದೇ.

ಅಳೆಯುವ ಕ್ರಮ

ಉದ್ದವನ್ನು ಅಳೆಯುವಾಗ ಟ್ರಕ್ಕಿನ ಭಾರ ಅದರ ಚಕ್ರಗಳ ಮೇಲೆಯೇ ಇರಬೇಕು. ಜಾಕ್ ಕೊಟ್ಟು ಚಾಸಿಯನ್ನು ಎತ್ತಿದರೆ ಆಕ್ಸಲ್ ಕೆಳಗೆ ಜೋತುಬಿದ್ದು ಅಳತೆ ತಪ್ಪುತ್ತದೆ. ಓಡುವಾಗ ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಗೇರ್ ಬಾಕ್ಸಿಗೂ ಅದಕ್ಕೂ ಇರುವ ದೂರ ಬದಲಾಗುತ್ತಿರುತ್ತದೆ. ಇದಕ್ಕಾಗಿಯೇ ಶಾಫ್ಟಿನ ಒಂದು ಕವಲು ಹಲ್ಲುಗಳ ಮೇಲೆ ಜಾರುವಂತಿದೆ. ಅದನ್ನು ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ ಸುಮಾರು 25 ಮಿಮೀ ಹೊರಗೆಳೆದು ಅಳೆಯುವುದು ವಾಡಿಕೆ. ಶಾಫ್ಟ್ ಉದ್ದವಾದರೆ ಸ್ಪ್ರಿಂಗ್ ಅದುಮಿದಾಗ ಗೇರ್ ಬಾಕ್ಸಿಗೆ ಗುದ್ದುತ್ತದೆ. ಗಿಡ್ಡವಾದರೆ ಕಳಚಿಕೊಂಡೀತು. ಓಡುತ್ತಿರುವಾಗ ಮುಂದಿನ ತುದಿ ಕಳಚಿ ರಸ್ತೆಗೆ ನಾಟಿದರೆ ಪ್ರಾಣಾಪಾಯ. ಅದಕ್ಕೇ ಕೆಲವರು ಶಾಫ್ಟಿನ ಕೆಳಗೆ ರಕ್ಷಣೆಗೆಂದು ಉಕ್ಕಿನ ಬಳೆ ಹಾಕಿಸುತ್ತಾರೆ.

ಕೋನಗಳು ಎರಡೂ ಕಡೆ ಸಮವಾಗಿರಬೇಕು, ಸಾಧ್ಯವಾದಷ್ಟು 1ರಿಂದ 3 ಡಿಗ್ರಿಯ ಒಳಗಿರಬೇಕು. ಸೊನ್ನೆಯೇ ಒಳ್ಳೆಯದಲ್ಲವೆ ಎಂದು ನೀವು ಕೇಳಬಹುದು. ಕೋನವೇ ಇಲ್ಲದಿದ್ದರೆ ಕ್ರಾಸಿನ ಸೂಜಿ ಬೇರಿಂಗುಗಳು ಉರುಳುವುದಿಲ್ಲ, ಒಂದೇ ಜಾಗದಲ್ಲಿ ಒತ್ತಿ ಗುಳಿ ಬೀಳಿಸುತ್ತವೆ.

ಜಾರುವ ಕವಲನ್ನು ಬಿಚ್ಚುವ ಮೊದಲು ಅನುಭವಿ ಮೆಕ್ಯಾನಿಕ್ ಅದರ ಮೇಲೂ ಶಾಫ್ಟಿನ ಮೇಲೂ ಎದುರುಬದುರಾಗಿ ಗುರುತು ಹಾಕಿಕೊಳ್ಳುತ್ತಾನೆ. ಮತ್ತೆ ಸೇರಿಸುವಾಗ ಒಂದು ಹಲ್ಲು ತಪ್ಪಿದರೂ ಕವಲುಗಳ ಸಮತಲ ತಪ್ಪಿ, ಹುಕ್ ಅಳಿಸಿದ ಏರಿಳಿತ ಮರಳಿ ಬರುತ್ತದೆ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ವಿದ್ಯಾರ್ಥಿಗಳಿಗೆ ಆ ಗುರುತನ್ನು ತೋರಿಸಿ. ಸೂರ್ಯ ಗಡಿಯಾರದ ಗಣಿತ ಅಲ್ಲಿ ಗ್ರೀಸಿನ ನಡುವೆ ಕುಳಿತಿದೆ.