ಸೇಜೋಂಗ್ ಕಥೆ (ವಸ್ತುಪ್ರದರ್ಶನ)

ಸೇಜೋಂಗ್ ಕಥೆ : ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಗ್ವಾಂಗ್‌ಹ್ವಾಮುನ್ ಚೌಕದ ನೆಲದಡಿಯಲ್ಲಿರುವ ಕಾಯಂ ವಸ್ತುಪ್ರದರ್ಶನ. ಜೋಸನ್ ವಂಶದ ನಾಲ್ಕನೆಯ ದೊರೆ ಸೇಜೋಂಗ್ (1397–1450) ಇದರ ವಸ್ತು. ಚೌಕದಲ್ಲಿ 2009ರ ಅಕ್ಟೋಬರ್ 9ರಂದು ಅನಾವರಣಗೊಂಡ ದೊರೆಯ ಕಂಚಿನ ಪ್ರತಿಮೆಯ ಹಿಂಬದಿಯಿಂದ ಒಳಕ್ಕೆ ದಾರಿಯಿದೆ, ಪ್ರವೇಶ ಉಚಿತ. ದೊರೆ ಬದುಕಿದ್ದಾಗ ಬರೆದ ಭಾವಚಿತ್ರ ಯಾವುದೂ ಉಳಿದಿಲ್ಲವಾದ್ದರಿಂದ ಪ್ರತಿಮೆಯ ಮುಖವೂ ಊಹೆಯದೇ. ಒಳಗೂ ಇದೇ ಸ್ಥಿತಿ: ಸೇಜೋಂಗ್ ಕೈಯಾರೆ ಮುಟ್ಟಿದ್ದೆಂದು ತೋರಿಸಬಹುದಾದ ವಸ್ತುಗಳು ಇಲ್ಲವೆನ್ನುವಷ್ಟು ಕಡಿಮೆ, ನೋಡಸಿಗುವುದು ಬಹುಮಟ್ಟಿಗೆ ಪ್ರತಿಕೃತಿಗಳು ಮತ್ತು ವಿವರಣೆ. ಇದನ್ನು ಪ್ರದರ್ಶನದ ಬಡತನವೆಂದು ಎಣಿಸುವುದು ಸುಲಭ. ಆದರೆ ಈ ದೊರೆಯ ಮಟ್ಟಿಗೆ ಪ್ರತಿಕೃತಿಯೇ ತಕ್ಕ ಸಾಕ್ಷಿ. ಅವನ ಆಡಳಿತ ಉಳಿಸಿಹೋದದ್ದು ವಸ್ತುಗಳಿಗಿಂತ ಹೆಚ್ಚಾಗಿ ಅವುಗಳನ್ನು ಮಾಡುವ ವಿಧಾನವನ್ನು, ಅದೂ ಬರಹದಲ್ಲಿ.

ಮಳೆಮಾಪಕವನ್ನೇ ನೋಡಬಹುದು. 1441ರಲ್ಲಿ ರೂಪುಗೊಂಡ ಈ ಪಾತ್ರೆಯ ಶ್ರೇಯಸ್ಸನ್ನು ದಾಖಲೆಗಳು ಯುವರಾಜನಿಗೆ ಸಲ್ಲಿಸುತ್ತವೆ. ಮರುವರ್ಷ ಅದರ ಆಳ, ಅಗಲಗಳನ್ನು ಗೊತ್ತುಪಡಿಸಿ, ನಾಡಿನ ಆಡಳಿತ ಕಚೇರಿಗಳೆಲ್ಲ ಅದೇ ಅಳತೆಯ ಪಾತ್ರೆ ಇಟ್ಟು ಮಳೆಯ ವರದಿ ಕಳಿಸಬೇಕೆಂದು ವಿಧಿಸಲಾಯಿತು. ಇಲ್ಲಿ ಹೆಚ್ಚಿನದು ಪಾತ್ರೆಯಲ್ಲ, ಎಲ್ಲೆಡೆ ಒಂದೇ ಆಗಿರುವ ಅಳತೆ. ಈಗ ಉಳಿದಿರುವ ಹಳೆಯ ಮಾಪಕ 1837ರದು, ಅಂದರೆ ಅದೇ ಒಂದು ನಕಲು! 1434ರಲ್ಲಿ ಬಳಕೆಗೆ ಬಂದ, ತಾನಾಗಿ ಗಂಟೆ, ನಗಾರಿ, ಜಾಗಟೆ ಬಾರಿಸುವ ಜಲಗಡಿಯಾರವೂ ಹಾಗೆಯೇ. ಮೂಲಯಂತ್ರ ಎಂದೋ ಕೆಟ್ಟುಹೋಯಿತು. ಆದರೂ ರಾಜವಂಶದ ವಾರ್ಷಿಕ ವೃತ್ತಾಂತದಲ್ಲಿ ಅದರ ರಚನೆಯ ವಿವರವಿದ್ದುದರಿಂದಲೇ 2007ರಲ್ಲಿ ಸೋಲ್‌ನ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯಕ್ಕಾಗಿ ಅದನ್ನು ಮತ್ತೆ ಕಟ್ಟಲು ಸಾಧ್ಯವಾಯಿತು.

ಈ ಮಾತಿಗೆ ಅತ್ಯಂತ ಬಲವಾದ ಆಧಾರ ಸೇಜೋಂಗ್ ರೂಪಿಸಿದ ಕೊರಿಯನ್ ಲಿಪಿ. 1443ರ ಕೊನೆಗೆ ಸಿದ್ಧವಾಗಿ 1446ರಲ್ಲಿ ಪ್ರಕಟವಾದ 28 ಅಕ್ಷರಗಳ ಜೊತೆಗೆ, ಅವುಗಳನ್ನು ಹೇಗೆ, ಏಕೆ ರೂಪಿಸಲಾಯಿತೆಂದು ವಿವರಿಸುವ ಗ್ರಂಥವೂ ಹೊರಬಂದಿತು. ಕ-ಕಾರದ ಗುರುತು ಗಂಟಲಿಗೆ ಅಡ್ಡವಾಗುವ ನಾಲಿಗೆಯ ಬುಡದ ಆಕಾರ, ನ-ಕಾರದ್ದು ಮೇಲಕ್ಕೆ ತಾಗುವ ನಾಲಿಗೆಯ ಆಕಾರ, ಮ-ಕಾರದ್ದು ಬಾಯಿಯ ಆಕಾರ. ಉಸಿರಿನ ಒತ್ತು ಹೆಚ್ಚಿದರೆ ಗೆರೆಯೊಂದು ಸೇರುತ್ತದೆ. ಈ ಗ್ರಂಥ ಕಣ್ಮರೆಯಾಗಿದ್ದ ಕಾಲದಲ್ಲಿ, ಕಿಟಕಿ ಬಾಗಿಲುಗಳ ಜಾಲಂಧ್ರ ನೋಡಿ ಅಕ್ಷರ ಹುಟ್ಟಿದವು ಎಂಬಂಥ ಊಹೆಗಳೂ ಓಡಾಡಿದವು. 1940ರಲ್ಲಿ ಆಂದೋಂಗ್‌ನಲ್ಲಿ ಪ್ರತಿಯೊಂದು ಸಿಕ್ಕಮೇಲೆ ಅವಕ್ಕೆ ನೆಲೆ ತಪ್ಪಿತು. ಆ ಪ್ರತಿ ಇರುವುದು ಕಾನ್‌ಸೋಂಗ್ ಕಲಾ ಸಂಗ್ರಹದಲ್ಲಿ. ಅದನ್ನು ಗಾಜಿನಾಚೆ ಕಂಡವರಿಗಿಂತ ಗೋಡೆಯ ಮೇಲಿನ ನಕಲು ಪುಟದೆದುರು ನಿಂತು ತಮ್ಮ ಬಾಯಲ್ಲೇ ಅಕ್ಷರಗಳನ್ನು ಆಡಿ ನೋಡಿದವರು ದೊರೆಯ ಕೆಲಸಕ್ಕೆ ಹೆಚ್ಚು ಹತ್ತಿರ ಹೋಗುತ್ತಾರೆ.

ಮೂಲವಸ್ತುವಿನ ಸವೆತ, ಬಿರುಕು, ತಿದ್ದಿದ ಗುರುತುಗಳೂ ಸಾಕ್ಷಿಯಲ್ಲವೇ ಎಂಬ ಆಕ್ಷೇಪ ಸರಿಯೇ. ಪ್ರತಿಕೃತಿ ಅವನ್ನು ಕೊಡಲಾರದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಬಂಗಾರದ ಬಣ್ಣದ ಪ್ರತಿಮೆಯ ಕೆಳಗೆ ಹೊಸದಾಗಿ ಮಾಡಿಟ್ಟ ವಸ್ತುಗಳು ಇತಿಹಾಸವನ್ನು ಸ್ತುತಿಯಾಗಿ ನುಣುಪುಗೊಳಿಸುತ್ತವೆ. ಈ ಅಪಾಯ ನಿಜ. ಸರ್ಕಾರಿ ಜೀತದಾಳಾಗಿ ಹುಟ್ಟಿ ಜಲಗಡಿಯಾರವನ್ನು ಕಟ್ಟಿದ ಚಾಂಗ್ ಯೋಂಗ್‌ಸಿಲ್, 1442ರಲ್ಲಿ ತನ್ನ ಮೇಲ್ವಿಚಾರಣೆಯ ರಾಜಪಲ್ಲಕ್ಕಿ ಮುರಿದದ್ದಕ್ಕೆ ಛಡಿಯೇಟು ತಿಂದು ಹುದ್ದೆ ಕಳೆದುಕೊಂಡ. ಆಮೇಲೆ ಅವನ ಸುಳಿವಿಲ್ಲ. ಪ್ರಜೆಗಳು ತಮ್ಮೂರಿನ ಅಧಿಕಾರಿಯ ಮೇಲೆ ದೂರು ಕೊಡಬಾರದೆಂಬ ಕಾನೂನು ಬಂದದ್ದು 1420ರಲ್ಲಿ, ಇದೇ ಆಳ್ವಿಕೆಯಲ್ಲಿ. 1444ರಲ್ಲಿ ಚ್ವೆ ಮಾಲ್ಲಿ ಮುಂತಾದ ವಿದ್ವಾಂಸರು ಹೊಸ ಲಿಪಿಯನ್ನು ವಿರೋಧಿಸಿ ಮನವಿ ಕೊಟ್ಟರು. ಆದರೆ ಇವೆಲ್ಲ ನಮಗೆ ತಿಳಿದಿರುವುದೂ ಅದೇ ವಾರ್ಷಿಕ ವೃತ್ತಾಂತದಿಂದ. ಅದು ಹೊಗಳುಭಟ್ಟರ ಪುಸ್ತಕವಲ್ಲ. ತಂದೆಯ ಆಳ್ವಿಕೆಯ ವೃತ್ತಾಂತವನ್ನು ನೋಡಬೇಕೆಂದು ಸೇಜೋಂಗ್ ಬಯಸಿದಾಗ ಮಂತ್ರಿಗಳು ಒಪ್ಪಲಿಲ್ಲ, ಅವನು ಹಿಂದೆ ಸರಿದ. ಭೂಕಂದಾಯ ಸುಧಾರಣೆಯ ಬಗ್ಗೆ 1430ರಲ್ಲಿ ಜನಾಭಿಪ್ರಾಯ ಕೇಳಿದಾಗ ಪರವಾಗಿ 98,657, ವಿರುದ್ಧವಾಗಿ 74,149 ಮಂದಿ ನಿಂತರೆಂದು ಅಲ್ಲಿ ಬರೆದಿದೆ. ವಿರೋಧದ ಸಂಖ್ಯೆಯನ್ನೂ ಕಡೆಯ ಅಂಕಿಯವರೆಗೆ ಬರೆದಿಟ್ಟ ಈ ದಾಖಲೆಯನ್ನು ಓದಿಕೊಂಡು ಹೋದವರಿಗೆ, ಪ್ರದರ್ಶನದಲ್ಲಿ ಯಾವುದಕ್ಕೆ ಎಷ್ಟು ಜಾಗ ಸಿಕ್ಕಿದೆ, ಯಾವುದಕ್ಕೆ ಸಿಕ್ಕಿಲ್ಲ ಎಂಬುದನ್ನು ತಾವೇ ಅಳೆದು ನೋಡಲು ಬರುತ್ತದೆ.