ಧರ್ಮಬೋಧೆ ಮತ್ತು ಧರ್ಮಾಧ್ಯಯನ

ಧರ್ಮವನ್ನು ಆಚರಿಸಲು ಕಲಿಸುವುದು ಒಂದು ಕಾರ್ಯ. ಧರ್ಮವನ್ನು ವಿಷಯವನ್ನಾಗಿ ಇಟ್ಟುಕೊಂಡು ಶಾಸ್ತ್ರೀಯವಾಗಿ ಅಧ್ಯಯನ ಮಾಡುವುದು ಮತ್ತೊಂದು. ಮೊದಲನೆಯದನ್ನು ಮನೆ, ಗುರು, ಮಠಗಳು ನಡೆಸಿಕೊಂಡು ಬಂದಿವೆ. ಎರಡನೆಯದು ವಿಶ್ವವಿದ್ಯಾನಿಲಯಕ್ಕೆ ಸಲ್ಲಬೇಕಾದುದು. ಆದರೆ ಭೌತಶಾಸ್ತ್ರ, ವಾಣಿಜ್ಯಶಾಸ್ತ್ರಗಳಿಗೆ ಇರುವಂತೆ ಧರ್ಮಾಧ್ಯಯನಕ್ಕೆ ವಿಭಾಗಗಳು ನಮ್ಮ ದೇಶದಲ್ಲಿ ವಿರಳ. ಧರ್ಮಭೂಮಿಯೆಂದು ಹೆಸರಾದ ನಾಡಿನಲ್ಲಿ ಹೀಗೇಕಾಯಿತು? ವಾಚಕರು ಈ ಪ್ರಶ್ನೆಗೆ ಉತ್ತರವನ್ನು ಅರಸಬೇಕಾದರೆ ಲಂಡನ್ ನಗರದ ಇತಿಹಾಸದತ್ತ ಒಮ್ಮೆ ದೃಷ್ಟಿ ಹರಿಸಬೇಕು.

ಮಧ್ಯಯುಗದ ಯೂರೋಪಿನಲ್ಲಿ ಪ್ಯಾರಿಸ್ ಮೊದಲಾದ ವಿಶ್ವವಿದ್ಯಾನಿಲಯಗಳಲ್ಲಿ ದೇವತಾಶಾಸ್ತ್ರವೇ ಅಗ್ರಸ್ಥಾನದಲ್ಲಿತ್ತು. ಇಂಗ್ಲೆಂಡಿನಲ್ಲಿ ಈ ಅಗ್ರಸ್ಥಾನವು ಕ್ರಮೇಣ ಬಂಧನವಾಯಿತು. ಆಂಗ್ಲಿಕನ್ ಚರ್ಚಿನ 39 ಮತಸೂತ್ರಗಳಿಗೆ ಸಮ್ಮತಿಯ ಸಹಿ ಹಾಕದವನಿಗೆ ಆಕ್ಸ್‌ಫರ್ಡಿನಲ್ಲಿ ಪ್ರವೇಶವಿರಲಿಲ್ಲ, ಕೇಂಬ್ರಿಜ್ಜಿನಲ್ಲಿ ಪದವಿ ದೊರೆಯುತ್ತಿರಲಿಲ್ಲ. ಆ ಚರ್ಚಿಗೆ ಸೇರದ ಪ್ರಾಟೆಸ್ಟಂಟರು, ಕ್ಯಾಥೊಲಿಕರು, ಯಹೂದಿಗಳು ಹೊರಗುಳಿದರು. ಇವರಿಗೂ ವಿದ್ಯೆ ದೊರೆಯಬೇಕೆಂದು 1826ರಲ್ಲಿ ಲಂಡನ್ನಿನಲ್ಲಿ ಹೊಸ ವಿದ್ಯಾಸಂಸ್ಥೆಯೊಂದು ಹುಟ್ಟಿತು. ನಾನಾ ಮತಗಳವರು ಕೂಡಿ ಕಲಿಯುವ ಸ್ಥಳದಲ್ಲಿ ಯಾರ ಮತವನ್ನು ಬೋಧಿಸುವುದು? ಆದುದರಿಂದ ಆ ವಿಷಯವನ್ನೇ ಪಾಠಕ್ರಮದಿಂದ ಕೈಬಿಟ್ಟರು. ದೇವರಿಲ್ಲದ ವಿದ್ಯಾಲಯವೆಂದು ನಿಂದಿಸಿದವರು 1829ರಲ್ಲಿ ಕಿಂಗ್ಸ್ ಕಾಲೇಜನ್ನು ಸ್ಥಾಪಿಸಿದರು. 1836ರಲ್ಲಿ ಎರಡೂ ಕಾಲೇಜುಗಳ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಪದವಿ ನೀಡಲು ಲಂಡನ್ ವಿಶ್ವವಿದ್ಯಾನಿಲಯ ಏರ್ಪಟ್ಟಿತು.

ಭಾರತದ ವಿದ್ಯಾಭ್ಯಾಸವನ್ನು ಕುರಿತ 1854ರ ಚಾರ್ಲ್ಸ್ ವುಡ್‌ನ ಆದೇಶಪತ್ರವು ಈ ಲಂಡನ್ ವಿಶ್ವವಿದ್ಯಾನಿಲಯವನ್ನೇ ಮಾದರಿಯಾಗಿ ಹಿಡಿಯಿತು; ಮತವಿಶ್ವಾಸಕ್ಕೆ ಸಂಬಂಧಿಸಿದ ವಿಷಯಗಳನ್ನು ಪದವಿ ಪರೀಕ್ಷೆಯಲ್ಲಿ ಸೇರಿಸಲಾಗದೆಂದು ವಿಧಿಸಿತು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಈ ನೆಲೆಯ ಮೇಲೆ ನಿಂತವು. ಪರೀಕ್ಷೆಗೆ ಬಾರದುದನ್ನು ವಿದ್ಯಾರ್ಥಿಯು ಓದನು. ಹೀಗೆ ಪದವೀಧರನ ವಿದ್ಯೆ ಒಂದು ದಾರಿಗೆ, ಮನೆತನದ ಧರ್ಮ ಮತ್ತೊಂದು ದಾರಿಗೆ ಹೊರಳಿದವು. ಇಂಗ್ಲೆಂಡಿನ ಒಂದು ಜಗಳಕ್ಕೆ ಕಂಡುಕೊಂಡ ಪರಿಹಾರವು ನಮ್ಮ ಪಾಲಿಗೆ ವಿದ್ಯಾನೀತಿಯಾಯಿತು.

ಬೇರೆ ಮಾರ್ಗವೇ ಇರಲಿಲ್ಲವೆಂದು ಭಾವಿಸಬೇಡಿರಿ. ಹಾಲೆಂಡ್ ದೇಶವು 1876ರ ಉನ್ನತ ಶಿಕ್ಷಣದ ಕಾನೂನಿನಲ್ಲಿ ಮತಸಿದ್ಧಾಂತದ ಬೋಧನೆಯನ್ನು ಚರ್ಚಿಗೆ ಬಿಟ್ಟುಕೊಟ್ಟು, ಧರ್ಮಗಳ ಇತಿಹಾಸವನ್ನು ವಿಶ್ವವಿದ್ಯಾನಿಲಯದಲ್ಲಿ ಉಳಿಸಿಕೊಂಡಿತು. 1877ರಲ್ಲಿ ಲೈಡನ್ನಿನಲ್ಲಿ ಟೀಲೆ ಎಂಬ ವಿದ್ವಾಂಸರು ಆ ಪೀಠವನ್ನೇರಿದರು. ಇಂಗ್ಲೆಂಡೂ ಬದಲಾಯಿತು. 1871ರ ಕಾನೂನು ಮತಪರೀಕ್ಷೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಡಾ. ಎಸ್. ರಾಧಾಕೃಷ್ಣನ್ ಅವರು 1936ರಲ್ಲಿ ಅದೇ ಆಕ್ಸ್‌ಫರ್ಡಿನಲ್ಲಿ ಪೌರಸ್ತ್ಯ ಧರ್ಮಗಳ ಪ್ರಾಧ್ಯಾಪಕರಾದರು.

ಸ್ವಾತಂತ್ರ್ಯಾನಂತರ 1948-49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗಕ್ಕೆ ಅಧ್ಯಕ್ಷರಾದವರೂ ಅವರೇ. ಪದವಿ ತರಗತಿಯ ಮೊದಲ ವರ್ಷದಲ್ಲಿ ಧರ್ಮಪುರುಷರ ಚರಿತ್ರೆ, ಎರಡನೆಯ ವರ್ಷದಲ್ಲಿ ವಿವಿಧ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೆಯ ವರ್ಷದಲ್ಲಿ ಧರ್ಮತತ್ತ್ವದ ಮುಖ್ಯ ಸಮಸ್ಯೆಗಳು ಎಂದು ಆಯೋಗವು ಕ್ರಮವನ್ನು ಸೂಚಿಸಿತು. ಸಂವಿಧಾನದ 28ನೆಯ ಅನುಚ್ಛೇದವು ಪೂರ್ಣವಾಗಿ ರಾಜ್ಯದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಮತಬೋಧನೆಯನ್ನು ನಿಷೇಧಿಸುತ್ತದೆ. ಅಧ್ಯಯನಕ್ಕೂ ಈ ನಿಷೇಧ ತಗಲುವುದೆಂದು ಹಲವರು ಅಂಜಿದರು. 1964-66ರ ಕೊಠಾರಿ ಆಯೋಗವು ಮತಶಿಕ್ಷಣ ಬೇರೆ, ಮತಗಳನ್ನು ಕುರಿತ ಶಿಕ್ಷಣ ಬೇರೆಯೆಂದು ಸ್ಪಷ್ಟಪಡಿಸಿತು. ಗುರುನಾನಕರ ಜೀವನ ಬೋಧನೆಗಳ ಅಧ್ಯಯನವು ಮತಬೋಧನೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ತೀರ್ಪಿತ್ತಿತು. 2002ರಲ್ಲಿ, ಧರ್ಮಗಳ ಅಧ್ಯಯನಕ್ಕೆ ಸಂವಿಧಾನದ ಅಡ್ಡಿಯಿಲ್ಲವೆಂಬ ಅಭಿಪ್ರಾಯವನ್ನು ಎತ್ತಿಹಿಡಿಯಿತು. ಆದಕಾರಣ ಇಂದು ಕೊರತೆಯಿರುವುದು ನಮ್ಮ ಉತ್ಸಾಹದಲ್ಲಿ.

ನಮ್ಮ ನಾಡಿನಲ್ಲಿಯೂ ಈ ಇತಿಹಾಸದ ಗುರುತುಗಳಿವೆ. ವಚನಶಾಸ್ತ್ರಸಾರದ ಮೊದಲ ಭಾಗವನ್ನು 1923ರಲ್ಲಿ ಬೆಳಕಿಗೆ ತಂದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ವಚನಗಳು ನಮ್ಮ ವಿಶ್ವವಿದ್ಯಾನಿಲಯಗಳಿಗೆ ಬಂದುದು ಹೆಚ್ಚಾಗಿ ಸಾಹಿತ್ಯದ ಬಾಗಿಲಿನಿಂದ. ಡಾ. ಶಿ.ಚೆ. ನಂದೀಮಠರು ಡಾಕ್ಟರೇಟ್ ಪಡೆದುದು ಲಂಡನ್ ವಿಶ್ವವಿದ್ಯಾನಿಲಯದಿಂದ. ವೀರಶೈವವನ್ನು ಕುರಿತ ಅವರ ಇಂಗ್ಲಿಷ್ ಕೈಪಿಡಿಯು 1942ರಲ್ಲಿ ಪ್ರಕಟವಾಯಿತು. ಧರ್ಮವನ್ನು ಪಾಠಕ್ರಮದಿಂದ ಕೈಬಿಟ್ಟವರ ಊರಿನಲ್ಲಿಯೇ ನಮ್ಮವರೊಬ್ಬರು ಸಂಶೋಧನೆಯ ಶಿಸ್ತನ್ನು ಪಡೆದು ತಂದರು.

ಅಧ್ಯಯನದಿಂದ ಶ್ರದ್ಧೆ ಕುಂದೀತೆಂಬ ಅಳುಕು ಹಿರಿಯರಲ್ಲಿದೆ. ಅದನ್ನು ಹಗುರಾಗಿ ಕಾಣಲಾಗದು. ಅಲ್ಲಿ ಗ್ರಂಥದ ಕಾಲ ಯಾವುದು, ಪಾಠಾಂತರವೆಷ್ಟು, ಪ್ರಕ್ಷಿಪ್ತವೆಷ್ಟು ಎಂದು ಪ್ರಶ್ನಿಸುವರು. ಆದರೆ ಪ್ರತಿಪಕ್ಷವನ್ನು ನ್ಯಾಯವಾಗಿ ನಿರೂಪಿಸಿದ ಬಳಿಕವೇ ಸ್ವಪಕ್ಷವನ್ನು ಸ್ಥಾಪಿಸುವುದು ನಮ್ಮ ಶಾಸ್ತ್ರಗಳ ಕ್ರಮವಲ್ಲವೇ? 14ನೆಯ ಶತಮಾನದಲ್ಲಿ ಮಾಧವಾಚಾರ್ಯರು ರಚಿಸಿದರೆಂದು ಪ್ರಸಿದ್ಧವಾದ ಸರ್ವದರ್ಶನಸಂಗ್ರಹವು ಚಾರ್ವಾಕರಿಂದಲೇ ಆರಂಭವಾಗಿ ಬೌದ್ಧ, ಜೈನ, ಪಾಶುಪತ, ಶೈವ ದರ್ಶನಗಳನ್ನು ಒಂದೊಂದಾಗಿ ವಿವರಿಸುತ್ತದೆ. ತೌಲನಿಕ ಅಧ್ಯಯನ ನಮಗೆ ಪರದೇಶದ ವಸ್ತುವೇನೂ ಅಲ್ಲ. ಪ್ರಶ್ನೆಗೆ ಅಂಜುವ ಶ್ರದ್ಧೆಯು ಮೊದಲೇ ಶಿಥಿಲವಾಗಿರುವುದು.

ವಿಶ್ವವಿದ್ಯಾನಿಲಯವು ದೀಕ್ಷೆ ನೀಡಲಾರದು. ಮಠವು ಸಂಶೋಧನೆಯ ಹೊರಗಣ್ಣನ್ನು ತಾನೊಂದೇ ಒದಗಿಸಲಾರದು. ಒಂದು ಮತ್ತೊಂದರ ಪೀಠವನ್ನೇರಲು ಹೊರಟರೆ ಎರಡಕ್ಕೂ ಕೇಡು. ಓಲೆಗರಿಗಳನ್ನು ಓದಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ನಾವು ಓದದೆ ಬಿಟ್ಟುದನ್ನು ಅನ್ಯರು ಓದಿ ಅರ್ಥ ಹೇಳುವರು, ನಮ್ಮ ಮಕ್ಕಳು ಅದನ್ನೇ ನಂಬುವರು. ನಿಮ್ಮ ಮನೆಯಲ್ಲಿ ಒಬ್ಬ ಮಗನೋ ಮಗಳೋ ಧರ್ಮಾಧ್ಯಯನವನ್ನು ಬಯಸಿದರೆ, ಹೊಟ್ಟೆಗೆ ಬಾರದ ವಿದ್ಯೆಯೆಂದು ತಡೆಯದಿರಿ. ಹಳಗನ್ನಡವನ್ನೂ ಸಂಸ್ಕೃತವನ್ನೂ ಮೊದಲು ಕಲಿಸಿ, ನಿತ್ಯದ ಪೂಜಾನಿಷ್ಠೆಯನ್ನು ಬಿಡದಂತೆ ತಿಳಿಹೇಳಿ ಕಳುಹಿಸಿರಿ. ಇಂತಹವರ ಅರಿವಿನಿಂದ ಮಠಕ್ಕೂ ನಾಡಿಗೂ ಶ್ರೇಯಸ್ಸಾಗಲೆಂದು ಹಾರೈಸುತ್ತೇವೆ.